ನಂಜೇಗೌಡರ ಸುತ್ತಿಗೆ

ನಂಜೇಗೌಡರಿಗೆ ಯಾವುದಾದರೂ ಬಿಡಿಭಾಗದ ಮೇಲೆ ಅನುಮಾನ ಬಂತೆಂದರೆ ಅದರ ಕಥೆ ಮುಗಿಯಿತು. ಅದನ್ನು ಪಕ್ಕಕ್ಕಿಡುವುದು, ಚೀಟಿ ಅಂಟಿಸುವುದು ಅವರ ಜಾಯಮಾನವಲ್ಲ. ಕಬ್ಬಿಣದ ದಿಮ್ಮಿಯ ಮೇಲಿಟ್ಟು, ತುಂಡಾಗುವವರೆಗೂ ಸುತ್ತಿಗೆಯಲ್ಲಿ ಬಡಿಯುತ್ತಿದ್ದರು. ಮಂಡಕಳ್ಳಿ ವಿಮಾನ ನಿಲ್ದಾಣದ ನಮ್ಮ ಶೆಡ್ಡಿನ ತಗಡೆಲ್ಲ ಅದುರುತ್ತಿತ್ತು.

"ಪಕ್ಕಕ್ಕಿಟ್ರೆ ನಾಳೆ ಯಾವನೋ ಅರ್ಜೆಂಟಲ್ಲಿ ಎತ್ಕೊಂಡು ಹಾಕ್ಬುಡ್ತಾನೆ ಕಣಮ್ಮ."

ಸಂಕ್ರಾಂತಿ ಕಳೆದರೆ ನಮಗೆ ಮೈತುಂಬ ಕೆಲಸ. ಕಾಡಿಗೆ ಬೆಂಕಿ ಬೀಳುವ ಮೊದಲು ಹೆಲಿಕಾಪ್ಟರನ್ನೂ, ಅದರ ಹೊಟ್ಟೆಗೆ ನೇತುಹಾಕುವ ನೀರಿನ ತೊಟ್ಟಿಯನ್ನೂ, ಕೆಳಗೆ ನಿಂತು ಬೆಂಕಿ ಬಡಿಯುವ ತಂಡವನ್ನೂ ಸಿದ್ಧಮಾಡಬೇಕು. ಗೌಡರು ಹೆಡ್ ಮೆಕ್ಯಾನಿಕ್, ನಾನು ಅವರ ಸಹಾಯಕಿ.

ಮೊದಲ ದಿನವೇ ತೊಟ್ಟಿಯ ಉಕ್ಕಿನ ಹಗ್ಗ ಪರೀಕ್ಷಿಸಲು ಹೇಳಿದರು. ನೋಡಿದೆ, ಸರಿಯಿದೆ ಎಂದೆ. ಅವರು ನನ್ನ ಕೈ ಹಿಡಿದು ಹಗ್ಗದುದ್ದಕ್ಕೂ ಎಳೆದುಬಿಟ್ಟರು. ತುಂಡಾಗಿ ಚಾಚಿಕೊಂಡಿದ್ದ ಎಳೆಯೊಂದು ಅಂಗೈ ಸೀಳಿ ರಕ್ತ ಸುರಿಯಿತು.

"ಕಣ್ಣಲ್ಲಿ ನೋಡಿದ್ದು ನೋಡಿದಂಗಲ್ಲ. ಕೈ ಹೇಳ್ಬೇಕು."

ಅವರನ್ನು ಅಲ್ಲೇ ಕೊಂದುಬಿಡಬೇಕು ಎನಿಸಿತ್ತು. ಆಮೇಲೆ ತಮ್ಮ ಟವಲ್ಲನ್ನೇ ಹರಿದು ಕಟ್ಟಿದರು, ಅದೂ ಬೈಯುತ್ತಲೇ.

ತಂಡಕ್ಕೂ ಅದೇ ಮರ್ಯಾದೆ. ಊರಾಚೆಯ ಬಯಲಲ್ಲಿ ಒಣ ಲಂಟಾನದ ಪೊದೆಗೆ ಬೆಂಕಿ ಹಚ್ಚಿ ಎದುರು ನಿಲ್ಲಿಸುತ್ತಿದ್ದರು. ಹೆದರಿ ತಿರುಗಿದವನ ಬೆನ್ನಿಗೆ ದೊಣ್ಣೆ ಬೀಳುತ್ತಿತ್ತು. "ಬೆಂಕಿಗೆ ಬೆನ್ನು ಕೊಟ್ಯೋ, ಸತ್ತೆ!" ಅತಿ ಹೆಚ್ಚು ಏಟು ತಿಂದವನು ಕಾಡು ಕಾಯುವ ಮಾದಪ್ಪ. ಅತಿ ಹೆಚ್ಚು ನಕ್ಕವನೂ ಅವನೇ. ಮಧ್ಯಾಹ್ನ ಗೌಡರ ಬುತ್ತಿಯಲ್ಲಿ ಅರ್ಧ ಅವನ ಪಾಲು.

ಆ ಮಾರ್ಚಿನ ಬೆಳಿಗ್ಗೆ ಗುಡ್ಡಕ್ಕೆ ಬೆಂಕಿ ಬಿದ್ದು, ಮಾದಪ್ಪನ ತಂಡ ಆಗಲೇ ಮೇಲೆ ಹತ್ತಿತ್ತು. ಹೆಲಿಕಾಪ್ಟರಿನ ರೆಕ್ಕೆ ತಿರುಗಲು ಇನ್ನೊಂದೇ ನಿಮಿಷವಿತ್ತು. ತೊಟ್ಟಿಯನ್ನು ನೇತುಹಾಕುವ ಕೊಕ್ಕೆಯ ಮೇಲೆ ಗೌಡರ ಬೆರಳು ನಿಂತಿತು.

"ಬಿರುಕು."

"ಬರೀ ಗೀರು ಕಣ್ರೀ ಅದು! ಅಲ್ಲಿ ಕಾಡು ಉರೀತಿದೆ!" ಪೈಲಟ್ ಕಿರುಚಿದರು.

"ಕಾಡು ಮತ್ತೆ ಚಿಗುರ್ತದೆ. ತೊಟ್ಟಿ ಕಳಚಿ ತಲೆ ಮೇಲೆ ಬಿದ್ರೆ ಮಾದಪ್ಪ ಚಿಗುರ್ತಾನಾ?"

ಪೈಲಟ್ ಕೊಕ್ಕೆಗೆ ಕೈ ಹಾಕಿದರು. ಗೌಡರು ದಬ್ಬಿದರು. ಗೌಡರ ಮುಖಕ್ಕೆ ಗುದ್ದು ಬಿತ್ತು, ತುಟಿ ಒಡೆಯಿತು. ರಕ್ತ ಉಗುಳಿ, ಕೊಕ್ಕೆಯನ್ನು ದಿಮ್ಮಿಯ ಮೇಲೆಸೆದು ಬಡಿದರು, ಬಡಿದರು, ಎರಡು ತುಂಡಾಯಿತು.

ಬೇರೆ ಕೊಕ್ಕೆ ಬೆಂಗಳೂರಿನಿಂದ ಬರುವಷ್ಟರಲ್ಲಿ ಗುಡ್ಡದ ಮೇಲೆ ಗಾಳಿ ತಿರುಗಿತ್ತು. ಮಾದಪ್ಪ ಸುಟ್ಟು ಕರಕಲಾಗಿದ್ದ. ಬೆಂಕಿಗೆ ಮುಖ ಮಾಡಿಯೇ ಬಿದ್ದಿದ್ದನಂತೆ.

ಸಂಜೆ ಶೆಡ್ಡಿನಲ್ಲಿ ಆ ತುಂಡುಗಳನ್ನು ಹೆಕ್ಕಿ ಒಡೆದ ಜಾಗದಲ್ಲಿ ಬೆರಳಾಡಿಸಿದೆ. ಉಕ್ಕು ಗಟ್ಟಿಯಾಗಿತ್ತು. ಹಳೆಯ ಬಿರುಕು ಎಲ್ಲೂ ಇರಲಿಲ್ಲ. ಪೈಲಟ್ ಹೇಳಿದ್ದೇ ನಿಜ, ಅದು ಬರೀ ಗೀರು.

ಗೌಡರು ಮತ್ತೆ ಕೆಲಸಕ್ಕೆ ಬರಲಿಲ್ಲ. ಕೊನೆಗೆ ನಾನೇ ರಾಮಕೃಷ್ಣನಗರದ ಅವರ ಮಗಳ ಮನೆಗೆ ಹೋದೆ. ಹಾಸಿಗೆ ಹಿಡಿದಿದ್ದರು. ಕಾಫಿ ಲೋಟ ಕೊಟ್ಟು ಮಗಳು ಒಳಗೆ ಹೋದದ್ದೇ ನನ್ನ ಮಣಿಕಟ್ಟು ಹಿಡಿದರು. ಹಿಡಿತ ಮೊದಲ ದಿನದಷ್ಟೇ ಬಿಗಿಯಾಗಿತ್ತು.

"ಒಳಗೆ ಬಿರುಕಿತ್ತಾ ಕಣಮ್ಮ?"

"ಇತ್ತು ಸಾರ್."

"ಕಣ್ಣಲ್ಲಿ ನೋಡಿದ್ಯಾ?"

"ಕೈಯಲ್ಲಿ ನೋಡಿದೆ."

ಹಿಡಿತ ಸಡಿಲವಾಯಿತು. ತಿಂಗಳೊಳಗೆ ಹೋಗಿಬಿಟ್ಟರು.

ಈಗ ಸುತ್ತಿಗೆ ನನ್ನ ಬಳಿ ಇದೆ. ಮೊನ್ನೆ ಹೊಸ ತಂಡ ಬಯಲಿಗೆ ಹೊರಟಿದ್ದಾಗ ಒಂದು ಕೊಕ್ಕೆಯ ಮೇಲೆ ನನ್ನ ಬೆರಳು ನಿಂತಿತು. ಗೀರೋ, ಬಿರುಕೋ ತಿಳಿಯಲಿಲ್ಲ. ದಿಮ್ಮಿಯ ಮೇಲಿಟ್ಟು ಬಡಿದೆ. ತುಂಡುಗಳನ್ನು ಮುಟ್ಟಿ ನೋಡಲಿಲ್ಲ.