ಗೂಳಪ್ಪನ ಚಹಾಕ್ಕೆ ಇನ್ನೊಬ್ಬರ ಮೂಗು

ದಾಂಡೇಲಿಯಲ್ಲಿ ಇನ್ನೂ ನಸುಕು. ಹೊಳೆದಂಡೆಯಲ್ಲಿರುವ ಕಾಗದ ಕಾರ್ಖಾನೆಯ ಅತಿಥಿಗೃಹದ ಅಡುಗೆಮನೆಯಲ್ಲಿ ಗೂಳಪ್ಪ ಪಿಂಗಾಣಿ ಕೆಟಲಿಗೆ ಬಿಸಿನೀರು ಸುರಿದು, ಅಲುಗಾಡಿಸಿ, ಚೆಲ್ಲುತ್ತಾರೆ. ಬೆಚ್ಚಗಾದ ಕೆಟಲಿಗೆ ಒಂದು ಚಿಟಿಕೆ ಚಹಾ. ನಮ್ಮ ನಿಮ್ಮ ಮನೆಯ ಪುಡಿಯಲ್ಲ, ಮೆಣಸಿನ ಕಾಳಿನಂಥ ಕರಿಹಸಿರು ಉಂಡೆಗಳು. ಕುದಿ ಇಳಿದ ನೀರು ಬಿದ್ದಾಗ ಅವು ಮೆಲ್ಲಗೆ ಬಿಚ್ಚಿಕೊಂಡು ದೇಟು ಸಮೇತ ಇಡೀ ಎಲೆಗಳಾಗುತ್ತವೆ.

ಮೊದಲ ಕಪ್ಪು ಸಾಹೇಬರ ಕೋಣೆಗೆ ಹೋಗುವುದಿಲ್ಲ, ಹಿತ್ತಲ ಬಾಗಿಲಿಗೆ ಹೋಗುತ್ತದೆ. ಅಲ್ಲಿ ಗೂಳಪ್ಪನವರ ಹೆಂಡತಿ ಮಿಂದ ತಲೆಗೂದಲನ್ನು ಇನ್ನೂ ಒಣಗಿಸದೆ ನಿಂತಿದ್ದಾರೆ. ಕಪ್ಪನ್ನು ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚುತ್ತಾರೆ. ತಲೆಯಾಡಿಸಿದರೆ ಟ್ರೇ ಒಳಗೆ ಹೋಗುತ್ತದೆ, ಬೇಡವೆಂದರೆ ಕೆಟಲಿಯಷ್ಟೂ ಮೋರಿಗೆ. ಒಂದು ಗುಟುಕೂ ಅವರು ಕುಡಿಯುವುದಿಲ್ಲ. ಲಿಂಗಪೂಜೆ ಆಗದೆ ಹನಿ ನೀರೂ ಬಾಯಿಗೆ ಹಾಕದ ಮನೆತನ. ಪೂಜೆ ಮುಗಿಯುವಷ್ಟರಲ್ಲಿ ಇಲ್ಲಿ ಚಹಾ ಮುಗಿದಿರುತ್ತದೆ.

ಕಾಗದ ಕಾರ್ಖಾನೆಗೆ ಯಂತ್ರ ಕೂಡಿಸಲು ಬರುವ ಪರದೇಶದ ಎಂಜಿನಿಯರೊಬ್ಬರು ಈ ಚಹಾದ ಡಬ್ಬಿಗಳನ್ನು ತರುತ್ತಾರೆ. ಊಲಾಂಗ್ ಎಂದು ಹೆಸರು. ಫಾರ್ಮೋಸಾ ದ್ವೀಪದ ಎತ್ತರದ ಗುಡ್ಡಗಳಲ್ಲಿ, ಮೋಡದ ತಂಪಿನಲ್ಲಿ ನಿಧಾನವಾಗಿ ಬಲಿತ ಎಲೆ. ಅದನ್ನು ಪೂರ್ತಿ ಕಪ್ಪಾಗಲು ಬಿಡದೆ, ಅರ್ಧದಲ್ಲೇ ಹುರಿದು ಉಂಡೆ ಕಟ್ಟುತ್ತಾರಂತೆ. ಹಾಲಿಲ್ಲ, ಸಕ್ಕರೆಯಿಲ್ಲ. ಈ ಚಹಾದ ಬಗ್ಗೆ ಪತ್ರಿಕೆಗೆ ಬರೆಯಲು ಬಂದ ನಾನು ಮುಖ ಸಿಂಡರಿಸಿಕೊಂಡೇ ಬಾಯಿಗಿಟ್ಟೆ. ಬೆಣ್ಣೆಯ ನುಣುಪು, ಯಾವುದೋ ಹೂವಿನ ಘಮ, ನುಂಗಿದ ಮೇಲೆ ಗಂಟಲಲ್ಲಿ ಸಿಹಿ. ಅದೇ ಎಲೆಗೆ ಮತ್ತೆ ನೀರು ಸುರಿದರೆ ಇನ್ನೊಂದು ರುಚಿ, ನನಗೆ ಎರಡನೆಯದೇ ಹಿಡಿಸಿತು.

ಮೊದಲ ಸಲ ಡಬ್ಬಿ ಕೈಗೆ ಬಂದಾಗ ಗೂಳಪ್ಪ ಅದಕ್ಕೆ ಎಮ್ಮೆಹಾಲು, ಬೆಲ್ಲ, ಶುಂಠಿ ಹಾಕಿ ಕೊತಕೊತ ಕುದಿಸಿದ್ದರು. ದೂರದಿಂದ ಬಂದವರಿಗೆ ಕಡಿಮೆ ಮಾಡಬಾರದಲ್ಲ! ಎಂಜಿನಿಯರು ಪೂರ್ತಿ ಕುಡಿದರು. ಮರುದಿನ ತಾವೇ ಒಲೆಯ ಮುಂದೆ ಬಂದು ನಿಂತು ಕೈಸನ್ನೆಯಲ್ಲೇ ಕಲಿಸಿಕೊಟ್ಟರು.

ಗೂಳಪ್ಪ ಧಾರವಾಡ ಜಿಲ್ಲೆಯಿಂದ ಬಂದವರು. ಲಾರಿಯಿಂದ ಬಿದಿರು ಇಳಿಸಿ ಇಳಿಸಿ ಸೊಂಟ ಹಿಡಿದ ಮೇಲೆ ಅಡುಗೆಮನೆಗೆ ಸೇರಿದರು. ಹೋದ ವರ್ಷ ಬಂದ ವಿಷಮಜ್ವರ ಇಳಿದರೂ ಮೂಗಿಗೆ ವಾಸನೆ ಮರಳಲಿಲ್ಲ. ಸೀದದ್ದೂ ತಿಳಿಯದು, ಹಳಸಿದ್ದೂ ತಿಳಿಯದು. ಅದನ್ನು ಯಾರಿಗೂ ಹೇಳಲಿಲ್ಲ. ಆ ಮಳೆಗಾಲದಲ್ಲಿ ಡಬ್ಬಿಗೆ ತೇವ ಹೊಕ್ಕಿತು. ರೊಟ್ಟಿಯ ಗಂಟು ತಂದಿದ್ದ ಹೆಂಡತಿ ಬಾಗಿಲಲ್ಲೇ ಬೂಷ್ಟಿನ ವಾಸನೆ ಹಿಡಿದು, ಹೊರಟ ಟ್ರೇಯನ್ನು ತಡೆದರು. ಅಂದಿನಿಂದ ದಿನಾ ನಸುಕಿಗೆ ಬರುತ್ತಾರೆ. ಮೇಲ್ವಿಚಾರಕರಿಗೆ ಇದೊಂದೂ ಗೊತ್ತಿಲ್ಲ. ಮೂಗಿಲ್ಲದ ಅಡುಗೆಯವನನ್ನು ಯಾರು ಇಟ್ಟುಕೊಳ್ಳುತ್ತಾರೆ? ಗೊತ್ತಾದರೆ ಮತ್ತೆ ಬಿದಿರಿನ ಲಾರಿಯೇ ಗತಿ, ಅದಕ್ಕೆ ಆ ಸೊಂಟ ಒಗ್ಗದು.

"ಇದನ್ನ ಬರೀಬ್ಯಾಡ್ರಿ. ಇವರ ಕೆಲಸ ಹೋಗ್ತೈತಿ," ಎಂದು ಹೆಂಡತಿ ಕೈಮುಗಿಯುತ್ತಾರೆ. ನಾನು ಪೆನ್ನು ಮುಚ್ಚುತ್ತೇನೆ.

ಗೂಳಪ್ಪ ಒಲೆಯ ಉರಿ ತಗ್ಗಿಸುತ್ತಾರೆ. ಆಮೇಲೆ ಹೇಳುತ್ತಾರೆ: "ಎಲ್ಲಾರೂ ಗೂಳಪ್ಪನ ಚಾ, ಗೂಳಪ್ಪನ ಚಾ ಅಂತಾರ್ರಿ. ನಾ ಸುಮ್ಮನ ಕೇಳಿಸ್ಕೊಂಡು ನಿಲ್ತೇನಿ. ಅದರ ಘಮ ಹೆಂಗಿತ್ತು ಅಂತ ನನಗ ಈಗ ನೆನಪೂ ಇಲ್ಲ. ಬಿದರಿನ ಲಾರಿಗೆ ಕಳಿಸಿದ್ರ ಹೋಗ್ತೇನಿ. ನೀವು ಆಕಿ ಹೆಸರ ಬರೀರಿ."

ಹೆಸರೇನು ಎಂದು ಕೇಳುತ್ತೇನೆ. ಹೆಂಡತಿಯ ಹೆಸರನ್ನು ಪರರ ಮುಂದೆ ಹೇಳುವ ರೂಢಿ ಅವರ ಕಡೆಯ ಗಂಡಸರಿಗಿಲ್ಲ. ಹೆಂಡತಿ ಸೆರಗು ಎಳೆದುಕೊಂಡು ಆಚೆ ತಿರುಗುತ್ತಾರೆ. ಗೂಳಪ್ಪ ಹೆಗಲ ಮೇಲಿನ ಟವೆಲು ತೆಗೆದು ಕೈಯಲ್ಲಿ ಹಿಡಿದು, ನೋಯುವ ಸೊಂಟವನ್ನು ನೆಟ್ಟಗೆ ಮಾಡಿಕೊಂಡು ಹೇಳುತ್ತಾರೆ:

"ಸುಶೀಲವ್ವ ಅಂತ್ರಿ. ಮುಂಡಗೋಡ ಕಡೆ ಪಾಳಾ ಊರಿನಾಕಿ."