ಜಡೆಗೆ ಕೈ ತಾಗಿದರೆ

ಹೆಣ್ಣುಮಕ್ಕಳು ಓಡಬಾರದು ಎಂದು ನನ್ನ ಜೊತೆ ವರ್ಷಗಟ್ಟಲೆ ಜಗಳಾಡಿದ ತಾಯಂದಿರೇ, ಮಕ್ಕಳು ಓಡಲು ಶುರುಮಾಡಿದ ಮೇಲೆ, ಅವರನ್ನು ಔಟ್ ಕೊಟ್ಟೆನೆಂದು ನನ್ನ ಜೊತೆ ಜಗಳಕ್ಕೆ ನಿಂತರು. ನೆನೆಸಿಕೊಂಡರೆ ಈಗಲೂ ನನ್ನ ತಲೆ ಬಿಸಿಯಾಗುತ್ತದೆ. ಮೊದಲನೆಯ ಜಗಳಕ್ಕಾದರೂ ಒಂದು ಅರ್ಥವಿತ್ತು. ಎರಡನೆಯದಕ್ಕೆ ಏನು ಹೇಳಲಿ?

ಆಗ ನಾನು ಧಾರವಾಡದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುತ್ತಿದ್ದೆ. ಹುಡುಗಿಯರಿಗೂ ಅವರ ತಾಯಂದಿರಿಗೂ ನಾನು ಬಾಯಾರು. ಯುದ್ಧದ ಕಾಲ, ಸೀಮೆಎಣ್ಣೆಗೆ ಪಾಳಿ ಹಚ್ಚಬೇಕಾಗಿತ್ತು. ಅಂಥ ದಿನಗಳಲ್ಲಿ ಶಾಲೆಯ ಹಿಂದಿನ ಅಂಗಳದಲ್ಲಿ ಎರಡು ಕಂಬ ನೆಡಿಸಿ ಖೋ-ಖೋ ಆಡಿಸಲು ಕಮಿಟಿಯವರನ್ನು ಒಪ್ಪಿಸುವಷ್ಟರಲ್ಲಿ ನನ್ನ ಚಪ್ಪಲಿ ಸವೆದಿದ್ದವು. ಸೆಕ್ರೆಟರಿಯವರು ಒಪ್ಪಿದರು, ಆದರೆ ಒಂದು ಮಾತು ಹೇಳಿಯೇ ಒಪ್ಪಿದರು.

“ನೋಡ್ರಿ ಬಾಯಾರ, ಒಂದ ಒಂದು ದೂರು ಬರಲಿ, ಅವತ್ತ ಕಂಬ ಕೀಳಸ್ತೀನಿ. ಆಮ್ಯಾಲೆ ನನ್ನ ಮುಂದ ಬಂದು ನಿಲ್ಲಬ್ಯಾಡ್ರಿ.”

ಕಂಬ ಕೀಳಿಸಬಾರದು ಎಂಬುದೊಂದೇ ಅಂದಿನಿಂದ ನನ್ನ ಚಿಂತೆ. ನನಗೆ ಒಂಬತ್ತಕ್ಕೆ ಮದುವೆಯಾಗಿ ಹನ್ನೊಂದಕ್ಕೆ ತಲೆ ಬೋಳಿಸಿದ್ದರು. ಆಟದ ವಯಸ್ಸೆಲ್ಲ ಹಿತ್ತಲ ಕೋಣೆಯಲ್ಲಿ ಕಳೆಯಿತು. ಸೋದರಮಾವ ಹಟ ಹಿಡಿದು ಓದಿಸಿದ್ದರಿಂದ ಬಾಯಾರಾದೆ. ನೌಕರಿ ಸಿಕ್ಕ ಮೇಲೆ ಕೂದಲು ಬಿಟ್ಟೆ, ಅದು ಹೆಗಲ ತನಕ ಬಂದು ನಿಂತುಬಿಟ್ಟಿತ್ತು. ನಾನು ಓಡದ ಓಟವನ್ನು ಆ ಹುಡುಗಿಯರು ಓಡುತ್ತಿದ್ದರು ಎಂದೆಲ್ಲ ದೊಡ್ಡ ಮಾತು ಆಡುವುದಿಲ್ಲ. ಅವರು ಪರಕರ ಮೇಲೆತ್ತಿ ಸಿಕ್ಕಿಸಿಕೊಂಡು ಓಡುವುದನ್ನು ನೋಡಿದರೆ ನನಗೆ ಬಹಳ ಖುಷಿಯಾಗುತ್ತಿತ್ತು, ಅಷ್ಟೆ.

ಗಂಡಸರ ಕಣ್ಣಿಗೆ ಬೀಳದಂತೆ ಅಂಗಳದ ಸುತ್ತ ತಟ್ಟಿ ಕಟ್ಟಿ, ತಟ್ಟಿ ಸಾಲದ ಕಡೆ ಹಳೆಯ ಜಮಖಾನೆ ಇಳಿಬಿಟ್ಟಿದ್ದೆವು. ಒಳಗೆ ಬರುವವರು ಹೆಂಗಸರು ಮಾತ್ರ. ಆದ್ದರಿಂದ ಆಟದ ನಿರ್ಣಯ ಹೇಳುವ ಪಂಚಳೂ ಹೆಂಗಸೇ ಆಗಬೇಕು, ಎಂದರೆ ನಾನೇ ಆಗಬೇಕು. ಗಂಡುಹುಡುಗರ ಶಾಲೆಯ ಡ್ರಿಲ್ ಮಾಸ್ತರರು ಸೀಟಿ ಕೊಟ್ಟು ಒಂದು ಉಪದೇಶವನ್ನೂ ಕೊಟ್ಟರು. “ಸೀಟಿ ಊದ್ರಿ, ನಿರ್ಣಯ ಹೇಳ್ರಿ, ಬೆನ್ನು ತಿರುಗಿಸಿಬಿಡ್ರಿ. ಮಾರಿ ನೋಡ್ತಾ ನಿಂತ್ರೆ ಕೆಟ್ರಿ.” ಅವರದೇನು, ಹೋದ ವರ್ಷ ಹುಡುಗರ ಕಾಕಾಗಳು ಬೆನ್ನು ಹತ್ತಿದಾಗ ಕಂಪೌಂಡ್ ಗೋಡೆ ಹಾರಿ ಪಾರಾಗಿದ್ದರು. ಒಂಬತ್ತು ಗಜದ ಸೀರೆಯಲ್ಲಿ ನಾನು ಯಾವ ಗೋಡೆ ಹಾರಲಿ?

ನನ್ನ ಉಪಾಯ ನಾನೇ ಕಂಡುಕೊಂಡೆ. ಎರಡೂ ಕಡೆಯ ತಾಯಂದಿರನ್ನು ಒಟ್ಟಿಗೆ ಕೂಡಿಸುತ್ತಿರಲಿಲ್ಲ. ನಡುವೆ ನೀರಿನ ಹರವಿ ಇಟ್ಟು ಆಚೆ ಈಚೆ ಮಾಡುತ್ತಿದ್ದೆ. ಎಲ್ಲರಿಗಿಂತ ಜೋರು ಬಾಯಿ ಯಾರದೋ ಅವರ ಮಡಿಲಿಗೆ ಯಾರದಾದರೂ ಮಲಗಿದ ಕೂಸನ್ನು ಇಟ್ಟುಬಿಡುತ್ತಿದ್ದೆ. ಮಡಿಲಲ್ಲಿ ಕೂಸು ಮಲಗಿದ್ದರೆ ಎಂಥ ಗಟ್ಟಿಗಿತ್ತಿಯೂ ಕೂಗಲಾರಳು. ಮಾಳಮಡ್ಡಿಯ ಒಬ್ಬ ವಕೀಲರ ಹೆಂಡತಿಗೆ ಮಾತ್ರ ಈ ಮದ್ದು ನಾಟಲಿಲ್ಲ. ಕೂಸನ್ನು ಪಕ್ಕದವರಿಗೆ ದಾಟಿಸಿ ಎದ್ದು ನಿಂತು ಕೂಗುತ್ತಿದ್ದರು. ಅವರ ಮಗಳೇ ನಮ್ಮ ಶಾಲೆಯ ಎಲ್ಲರಿಗಿಂತ ಚುರುಕಾದ ಓಟಗಾರ್ತಿ, ಅವರ ಯಜಮಾನರು ಕಮಿಟಿಯ ಸದಸ್ಯರು. ಇಷ್ಟು ಹೇಳಿದರೆ ನನ್ನ ಪಾಡು ಗೊತ್ತಾದೀತು.

ಹುಬ್ಬಳ್ಳಿಯ ಹೆಣ್ಣುಮಕ್ಕಳ ಶಾಲೆಯವರ ಜೊತೆ ಪಂದ್ಯ ಗೊತ್ತಾಯಿತು. ಹುಡುಗಿಯರು, ತಾಯಂದಿರು, ಅತ್ತೆಯರು, ಬುತ್ತಿ ಗಂಟು ಎಲ್ಲ ಸೇರಿ ಶನಿವಾರ ಮಧ್ಯಾಹ್ನದ ರೈಲಿಗೆ ಬಂದಿಳಿದರು. ಆಟ ಶುರುವಾಗುವ ಮೊದಲು ಎರಡೂ ತಂಡದವರನ್ನು ನಿಲ್ಲಿಸಿ ನಾನು ಒಂದು ನಿಯಮ ಹೇಳಿದೆ. ನಿಯಮ ಬರೆದವರು ಗಂಡಸರು. ಗಂಡುಹುಡುಗರಿಗಾಗಿ ಬರೆದದ್ದರಲ್ಲಿ ಜಡೆಯ ವಿಷಯ ಎಲ್ಲಿಂದ ಬರಬೇಕು? ಅಟ್ಟಿಸಿಕೊಂಡು ಬರುವವಳ ಕೈ ಓಡುವವಳ ಮೈಗೆ ತಾಗಿದರೆ ಔಟ್, ಇದು ಎಲ್ಲರಿಗೂ ಗೊತ್ತು. ಕೈ ಜಡೆಗೆ ತಾಗಿದರೆ?

“ಜಡಿ ಮ್ಯಾಲೆ ಕಟ್ಟಿಕೊಳ್ರಿ. ಇಳಿಬಿಟ್ಟರೆ ಅದೂ ಮೈನ. ತಾಗಿದರ ಔಟ್ ಕೊಡ್ತೀನಿ. ಜಡಿಗೆ ಏನ್ ಕಟ್ಟಿರ್ತೀರಿ ಅದೂ ಜಡಿನ,” ಎಂದೆ. ಹುಡುಗಿಯರೆಲ್ಲ ಹೂಂ ಎಂದು ಜಡೆ ಸುತ್ತಿ ತಲೆಯ ಮೇಲೆ ಸಿಕ್ಕಿಸಿಕೊಂಡರು. ವಕೀಲರ ಮಗಳೂ ಜಡೆಗೆ ಕೈ ಹಾಕಿದಳು. ತಾಯಿ ಅಲ್ಲಿಂದಲೇ ಕೂಗಿದರು.

“ಏ, ಜಡಿ ಮುಟ್ಟಬ್ಯಾಡ! ಹಂಗ ಇರಲಿ!”

ಕಾರಣ ನನಗೆ ಆಮೇಲೆ ತಿಳಿಯಿತು. ಹುಬ್ಬಳ್ಳಿಯಿಂದ ಬಂದವರ ಪೈಕಿ ಒಂದು ಮನೆತನದ ಜೊತೆ ವಕೀಲರ ಹೆಂಡತಿ ಮಗಳ ಸಂಬಂಧದ ಮಾತು ನಡೆಸಿದ್ದರು. ಹುಡುಗನ ತಾಯಿ ಬಂದು ಎದುರಿಗೇ ಕುಳಿತಿದ್ದರು. ಹುಡುಗನ ತಂಗಿ ಆ ಕಡೆಯ ತಂಡದಲ್ಲಿದ್ದಳು. ಇಷ್ಟು ಉದ್ದನೆಯ ಜಡೆಯನ್ನು ಬೀಗಿತಿಯಾಗುವವರಿಗೆ ತೋರಿಸಬೇಕೆಂದು ಇವರು ಬೆಳಗಿನಿಂದ ಕುಳಿತು ಎಣ್ಣೆ ಹಚ್ಚಿ, ಹೆಣೆದು, ಅಬ್ಬಲಿಗೆ ದಂಡೆ ಮುಡಿಸಿ, ತುದಿಗೆ ಕೆಂಪು ರೇಷ್ಮೆಯ ಗೊಂಡೆ ಕಟ್ಟಿದ್ದರು. ಖೋ-ಖೋ ಆಡುವವಳಿಗೆ ಗೊಂಡೆ! ಹುಡುಗಿ ನನ್ನ ಮುಖ ನೋಡಿದಳು, ತಾಯಿಯ ಮುಖ ನೋಡಿದಳು, ಜಡೆಯನ್ನು ಹಾಗೆಯೇ ಬಿಟ್ಟಳು.

ಬೀಗರ ಕಡೆಯಿಂದ ಇನ್ನೊಬ್ಬರೂ ಬಂದಿದ್ದರು, ಹುಡುಗನ ಅಜ್ಜಿ. ತಲೆ ಬೋಳಿಸಿಕೊಂಡು ಕೆಂಪು ಸೀರೆ ಉಟ್ಟ ಮಡಿ ಹೆಂಗಸು. ಯಾರನ್ನೂ ಮುಟ್ಟಿಸಿಕೊಳ್ಳದೆ ಹಿಂದೆ, ಬೇವಿನ ಗಿಡದ ಬುಡದಲ್ಲಿ ಮಣೆ ಹಾಕಿಸಿಕೊಂಡು, ಸೆರಗನ್ನು ಹಣೆಯ ತನಕ ಎಳೆದುಕೊಂಡು ಕುಳಿತಿದ್ದರು. ಅವರನ್ನು ನಾನು ಒಂದು ಸಲ ನೋಡಿ ಮರೆತೆ. ವಕೀಲರ ಹೆಂಡತಿಯೂ ಮರೆತರು.

ಹುಬ್ಬಳ್ಳಿಯವರು ಅಟ್ಟುವವರು, ನಮ್ಮವರು ಓಡುವವರು. ಸಾಲಾಗಿ ಕುಳಿತ ಹುಡುಗಿಯರ ನಡುವೆ ವಕೀಲರ ಮಗಳು ನುಸುಳಿ, ತಿರುಗಿ, ಕಂಬ ಸುತ್ತಿ ಎಲ್ಲರನ್ನೂ ಸುಸ್ತು ಮಾಡಿಬಿಟ್ಟಳು. ಎರಡೂ ಕಡೆಯಿಂದ ಕೂಗಾಟ. “ಹಿಡೀಬೇ, ಹಿಡಿ! ಏನ್ ನೋಡಾಕತ್ತಿ!” ಎಂದು ಹುಬ್ಬಳ್ಳಿ ಗೋಪನಕೊಪ್ಪದ ಒಬ್ಬ ತಾಯಿ ಎದೆ ಬಡಿದುಕೊಳ್ಳುತ್ತಿದ್ದರು, ಈಕೆಯೇ ಆಟ ಶುರುವಾಗುವ ಮೊದಲು, ಹೆಣ್ಣುಹುಡುಗಿ ಇಷ್ಟು ಓಡಿದರೆ ಹೊಟ್ಟೆ ಜಾರುತ್ತದಂತೆ ಹೌದೇನ್ರಿ ಎಂದು ನನ್ನನ್ನು ಕೇಳಿದ್ದರು. ಅಷ್ಟರಲ್ಲಿ ಹುಡುಗನ ತಂಗಿ ಖೋ ಸಿಕ್ಕು ಎದ್ದವಳೇ ಕಂಬದ ಹತ್ತಿರ ಕೈ ಚಾಚಿದಳು. ವಕೀಲರ ಮಗಳು ಮುಂದಕ್ಕೆ ಜಿಗಿದಳು. ಜಡೆ ಹಿಂದೆ ಹಾರಿತು. ಗೊಂಡೆ ಆ ಹುಡುಗಿಯ ಕೈಯಲ್ಲಿ ಉಳಿಯಿತು.

ನಾನು ಸೀಟಿ ಊದಿದೆ. “ಔಟ್.”

ಹುಡುಗಿ ಬಿಚ್ಚಿಹೋದ ಜಡೆಯನ್ನು ಮುಂದಕ್ಕೆ ಎಳೆದುಕೊಂಡು ಹೊರಗೆ ಹೋಗಿ ಕುಳಿತಳು. ಎದ್ದು ಬಂದವರು ಅವಳ ತಾಯಿ. ಸುಮ್ಮನೆ ಎದ್ದದ್ದಲ್ಲ, ಗೆರೆ ದಾಟಿ ಅಂಗಳದ ನಡುವೆ ಬಂದು ನನ್ನ ಮುಂದೆ ನಿಂತರು.

“ಏನ್ ಔಟ್? ಆಕಿ ಮೈ ಮುಟ್ಯಾಳೇನು?”

“ಜಡಿ ತಾಗಿದರ ಔಟ್ ಅಂತ ಮೊದಲ ಹೇಳಿದ್ದೆ ವೈನಿ.”

“ಜಡಿ ಎಲ್ಲಿ ತಾಗ್ಯದ? ಗೊಂಡೆ ತಾಗ್ಯದ. ಗೊಂಡೆ ಅಂಗಡ್ಯಾಗ ಸಿಗ್ತದ. ಅಂಗಡ್ಯಾಗ ಸಿಗೋದು ನನ್ನ ಮಗಳ ಮೈ ಹೆಂಗ ಆಗ್ತದ, ಹೇಳ್ರಿ!”

ವಕೀಲರ ಹೆಂಡತಿ ಅಲ್ಲವೇ. ಹುಬ್ಬಳ್ಳಿಯ ತಾಯಂದಿರು ಆಗಲೇ ಎದ್ದು ನಿಂತು ಗೊಂಡೆಯನ್ನು ಕೈಯಿಂದ ಕೈಗೆ ದಾಟಿಸಿ ನೋಡುತ್ತಿದ್ದರು. ನಾನು ಡ್ರಿಲ್ ಮಾಸ್ತರರ ಉಪದೇಶ ನೆನೆದು ಬೆನ್ನು ತಿರುಗಿಸಿದೆ. ಬೆನ್ನು ತಿರುಗಿಸಬಾರದಿತ್ತು. ಅದು ಅವರನ್ನು ಇನ್ನೂ ಕೆರಳಿಸಿತು.

“ಜಡಿ ಇಲ್ಲದಾಕಿಗೆ ಜಡಿ ಮಾತು ಯಾಕ ಬೇಕು?” ಎಂದು ಅವರು ನನ್ನ ಬೆನ್ನಿಗೆ ಕೂಗಿದರು. “ತಲಿ ಬೋಳಿಸಿಕೊಂಡು ಮೂಲ್ಯಾಗ ಕೂಡೋದು ಬಿಟ್ಟು ಸೀಟಿ ಊದಲಿಕ್ಕೆ ಬಂದಾಳ!”

ಇಂಥ ಮಾತು ನನಗೆ ಹೊಸದಲ್ಲ, ಬೆನ್ನ ಹಿಂದೆ ಎಷ್ಟೋ ಸಲ ಕೇಳಿದ್ದೆ. ಆದರೆ ನನ್ನ ಹುಡುಗಿಯರ ಮುಂದೆ ಯಾರೂ ಆಡಿರಲಿಲ್ಲ. ಎರಡೂ ತಂಡದ ಹುಡುಗಿಯರೆಲ್ಲ ನೆಲ ನೋಡುತ್ತಿದ್ದರು. ನನಗೆ ಸಿಟ್ಟು ಬಂತು, ನಾಚಿಕೆಯೂ ಬಂತು, ನಾಚಿಕೆ ನನಗೇಕೆ ಬರಬೇಕೆಂದು ಮತ್ತಷ್ಟು ಸಿಟ್ಟು ಬಂತು. ಬಾಯಿ ತೆರೆದರೆ ಜಗಳ, ಜಗಳವಾದರೆ ದೂರು, ದೂರಾದರೆ ಕಂಬ ಹೋಯಿತು. ನಾನು ಸೀಟಿಯನ್ನು ಹಲ್ಲಲ್ಲಿ ಕಚ್ಚಿ ನಿಂತುಬಿಟ್ಟೆ.

ಆಗ ಬೇವಿನ ಗಿಡದ ಕಡೆಯಿಂದ ಯಾರೋ ಕೆಮ್ಮಿದ ಸದ್ದಾಯಿತು. ಎಲ್ಲರೂ ತಿರುಗಿ ನೋಡಿದರು. ಹುಡುಗನ ಅಜ್ಜಿ ಮಣೆಯಿಂದ ಎದ್ದು ನಿಂತಿದ್ದರು. ಎರಡೂ ಕೈಯಿಂದ ಸೆರಗನ್ನು ಹಿಂದಕ್ಕೆ ಸರಿಸಿ ಹೆಗಲ ಮೇಲೆ ಬಿಟ್ಟರು. ಅಷ್ಟು ಜನ ಹೆಂಗಸರ ನಡುವೆ ಬೋಳು ತಲೆ, ಅದರ ಮೇಲೆ ಬಿಳಿ ಕೂದಲಿನ ಕೂಳೆ, ಸಂಜೆಯ ಬಿಸಿಲಿನಲ್ಲಿ. ಅವರ ಸೊಸೆ “ಅತ್ತೀ” ಎಂದು ಸೆರಗು ಹೊದಿಸಲು ಹೋದರು; ಮುದುಕಿ ಕೈ ಅಡ್ಡ ಹಿಡಿದು ತಡೆದರು.

“ಜಡಿ ಇಲ್ಲದಾಕಿ ನಾನೂ ಇಲ್ಲೇ ಕೂತೇನವಾ,” ಎಂದರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. “ಗೊಂಡೆ ಕಿತ್ತು ಬಂದದ್ದು ನನಗೂ ಕಾಣಿಸ್ತು. ಬಾಯಾರ, ಆಟ ನಡಸ್ರಿ.”

ವಕೀಲರ ಹೆಂಡತಿಯ ಮುಖ ಸುಣ್ಣದಂತಾಯಿತು. ಯಾರೂ ಕೈ ಹಿಡಿದು ಕರೆದೊಯ್ಯಲಿಲ್ಲ. ತಾವೇ ನಡೆದು ಹೋಗಿ ತಮ್ಮ ಜಾಗದಲ್ಲಿ ಕುಳಿತರು. ನನಗೆ ಅಳು ಬಂತು. ಪಂಚಳು ಅಳಬಾರದು, ಅದಕ್ಕೆ ಸೀಟಿ ಊದಿದೆ.

ಆಟ ಮುಂದುವರಿಯಿತು, ಆದರೆ ಯಾರ ಬಾಯಿಂದಲೂ ಸದ್ದಿಲ್ಲ. ಇಷ್ಟು ದಿನ ಯಾವ ಮೌನಕ್ಕಾಗಿ ಹರಕೆ ಹೊತ್ತಿದ್ದೆನೋ ಅದು ಸಿಕ್ಕಿತ್ತು, ಸಿಕ್ಕಿ ಸಾಕುಸಾಕಾಯಿತು. ಹುಡುಗಿಯರು ಸಾವಿನ ಮನೆಯಲ್ಲಿ ಓಡಾಡಿದಂತೆ ಓಡುತ್ತಿದ್ದರು. ಅದೇ ಹೊತ್ತಿಗೆ, ಗೊಂಡೆ ಕಿತ್ತ ಹುಡುಗಿಯೇ ಒಂದು ದಿಕ್ಕಿಗೆ ಓಡುತ್ತಿದ್ದವಳು ನಡುವೆಯೇ ಹಿಂದಕ್ಕೆ ತಿರುಗಿದಳು. ಅಟ್ಟುವವಳು ಹಾಗೆ ತಿರುಗುವಂತಿಲ್ಲ. ತಪ್ಪು ಎಂದು ಸೀಟಿ ಊದಿದೆ.

“ಏ ಬಾಯಾರ!” ಬೇವಿನ ಗಿಡದಿಂದ ಕೂಗು ಬಂತು. “ನನ್ನ ಮೊಮ್ಮಗಳು ಎಲ್ಲಿ ಹೊಳ್ಳ್ಯಾಳ? ನಿಮ್ಮ ಕಣ್ಣು ಎಲ್ಲಿ ಅವ?”

ನನಗೆ ನಂಬಲಾಗಲಿಲ್ಲ. “ಹೊಳ್ಳ್ಯಾಳ್ರಿ ಅಜ್ಜಿ. ಕೂಡ್ರಿ.”

“ಕೂಡಂಗಿಲ್ಲ! ಮೊದಲಿಂದ ನೋಡ್ಲಿಕ್ಕತ್ತೇನಿ, ಬರೇ ಹುಬ್ಬಳ್ಳಿಯವರಿಗೇ ಊದ್ತೀರಿ!”

ಬೋಳು ತಲೆಯ ಮೇಲೆ ಸೆರಗು ಹೊದೆಯುವುದನ್ನೂ ಮರೆತು, ಮಡಿಯನ್ನೂ ಮರೆತು, ಆ ಮುದುಕಿ ಗೆರೆಯ ತನಕ ಬಂದುಬಿಟ್ಟಿತ್ತು. ಅಷ್ಟೇ ಸಾಕಾಯಿತು. ಗೋಪನಕೊಪ್ಪದ ತಾಯಿ ಎದೆ ಬಡಿದುಕೊಂಡರು, ಧಾರವಾಡದವರು ಹೋ ಎಂದರು, ಮೂಲೆಯಲ್ಲಿ ಕೂಸೊಂದು ಕಿಟಾರನೆ ಕಿರುಚಿತು. ಈ ಜನರನ್ನು ಆ ದೇವರೇ ತಿದ್ದಲಾರ ಎಂದುಕೊಂಡು ಕತ್ತಲಾಗುವ ತನಕ ಆಟ ನಡೆಸಿದೆ. ಆ ಸಂಬಂಧ ಕೂಡಲಿಲ್ಲ ಎಂದು ಮುಂದೆ ಯಾರೋ ಹೇಳಿದರು. ಹುಡುಗಿ ಮ್ಯಾಟ್ರಿಕ್ ಆಗುವ ತನಕ ನಮ್ಮಲ್ಲೇ ಓಡಿದಳು.

ಸೋಮವಾರ ಸೆಕ್ರೆಟರಿಯವರಿಂದ ಕರೆ ಬಂತು. ಭಾನುವಾರವಿಡೀ ನಾನು ಊಟ ಮಾಡಿರಲಿಲ್ಲ. ಒಳಗೆ ಹೋದರೆ ವಕೀಲರೂ ಕುಳಿತಿದ್ದರು. ಮುಗಿಯಿತು ಎಂದುಕೊಂಡೆ.

“ಶನಿವಾರ ಗದ್ದಲ ರಸ್ತೆ ತನಕ ಕೇಳಿಸ್ತಂತ,” ಎಂದರು ಸೆಕ್ರೆಟರಿ. “ಇವರ ಮನಿಯವರೂ ಅಲ್ಲೇ ಇದ್ರಲ್ಲ, ಅದಕ್ಕ ಇವರಿಗೆ ಕೇಳಿದೆ.”

ವಕೀಲರು ಕೈಯಲ್ಲಿದ್ದ ನಶ್ಯದ ಡಬ್ಬಿಯನ್ನು ನೋಡುತ್ತ ಹೇಳಿದರು. “ನಾ ಮನ್ಯಾಗ ಕೇಳಿದೆ. ಹಂಥಾದ್ದೇನೂ ನಡದಿಲ್ಲ ಅಂದ್ಲು.”

“ಏನ್ರಿ ಬಾಯಾರ, ಏನೂ ನಡೀಲಿಲ್ಲೇನು?”

ನಡೆದದ್ದನ್ನು ಹೇಳಿದರೆ ಅದೇ ದೂರು, ಸಂಜೆಯೊಳಗೆ ಕಂಬ ನೆಲಕ್ಕೆ. ಏನೂ ನಡೆಯಲಿಲ್ಲ ಎನ್ನಲು ನನ್ನ ನಾಲಿಗೆ ಏಳಲಿಲ್ಲ. ಆ ಹೆಂಗಸು ಕ್ಷಮೆ ಕೇಳುವುದು ಹಾಗಿರಲಿ, ಆಡಿದ ಮಾತನ್ನೇ ಒರೆಸಿಹಾಕಿದ್ದರು, ಈಗ ನಾನೂ ಒರೆಸಬೇಕಾಗಿತ್ತು.

“ಒಬ್ಬ ಹುಡುಗಿ ಔಟ್ ಆದಳ್ರಿ,” ಎಂದೆ. “ಅಷ್ಟ.”

ಸೆಕ್ರೆಟರಿಯವರು “ಆಯ್ತು, ಕಂಬ ಇರಲಿ,” ಎಂದರು. ನಾನು ಕೈ ಮುಗಿದು ಬಾಗಿಲ ತನಕ ಬಂದಿದ್ದೆ. ಹಿಂದಿನಿಂದ ವಕೀಲರು ಮೆಲ್ಲಗೆ ಕರೆದರು.

“ಬಾಯಾರ, ಆದರೂ ಒಂದು ಮಾತು. ತಾಗಿದ್ದು ಗೊಂಡೆ ಅಲ್ಲೇನ್ರಿ? ಗೊಂಡೆ ಅಂದ್ರ ಅಂಗಡ್ಯಾಗ ಸಿಗೋ ವಸ್ತು. ಅದು ಹುಡುಗಿ ಮೈ ಹೆಂಗ ಆಗ್ತದ?”

ಗೊಂಡೆಯ ಕಥೆಯನ್ನು ಅವರಿಗೆ ಒಂದಕ್ಷರ ಬಿಡದೆ ಹೇಳಲಾಗಿತ್ತು.

“ಔಟ್ ರೀ,” ಎಂದು ಹೇಳಿ ನಾನು ತರಗತಿಗೆ ಹೋದೆ.