ಸಾಣೆಕಲ್ಲಿನ ದನಿ

ಹೈವೇ ಅಗಲವಾಗುವ ಮೊದಲು ಸಾಸ್ತಾನದಲ್ಲಿ ಕರೆಂಟಿನ ಮಿಷನ್ ಇಟ್ಟುಕೊಂಡು ಕತ್ತಿ ಸಾಣೆ ಹಿಡಿದುಕೊಡುವವರೊಬ್ಬರಿದ್ದರು. ಸ್ವಿಚ್ ಹಾಕುವ ಮೊದಲು ಲುಂಗಿ ಎತ್ತಿ ಬಿಗಿದು ಕಟ್ಟಿ, "ಹ್ವಾಯ್, ಎದ್ರಿಗೆ ನಿಲ್ಬೇಡಿ, ಬದಿಗೆ ಬನ್ನಿ" ಎನ್ನುತ್ತಿದ್ದರು. ಅಂಗಡಿಯಲ್ಲಿ ಯಾರೂ ಇಲ್ಲದಾಗಲೂ ಹಾಗೆನ್ನುವುದನ್ನು ರಸ್ತೆಯಾಚೆಯಿಂದ ಕೇಳಿದ್ದೇನೆ.

ಒಂದು ದಿನ ನಾನು ಮೀನಿನ ಕತ್ತಿ ಕೊಂಡುಹೋದಾಗ ಅವರು ಮಿಷನ್ನಿಗೆ ಹೊಸ ಸಾಣೆಕಲ್ಲು ಹಾಕುವುದರಲ್ಲಿದ್ದರು. ಕಲ್ಲಿನ ನಡುವಿನ ತೂತಿಗೆ ಬೆರಳು ತೂರಿಸಿ ಎತ್ತಿ ಹಿಡಿದು, ಸ್ಕ್ರೂಡ್ರೈವರಿನ ಹಿಡಿಯಿಂದ ಬಡಿದು ನನ್ನ ಕಿವಿಯ ಹತ್ತಿರ ತಂದರು.

"ಅಕ್ಕಾ, ಮಿಷನ್ ಶಬ್ದಕ್ಕೆ ನನ್ ಕೆಮಿ ಹೋಯ್ತ್. ನೀವೇ ಕೇಣಿ. ಗಂಟೆ ಹಾಂಗೆ ಬಂದ್ರೆ ಕಲ್ಲ್ ಒಳ್ಳೇದ್. ಒಡ್ದ ಮಡ್ಕಿ ಹಾಂಗೆ ಬಂದ್ರೆ ಒಳಗೆ ಬಿರ್ಕ್ ಬಿಟ್ಟಿತ್. ತಿರ್ಗುವಾಗ ಚೂರಾಯಿ ಮೋರೆಗೇ ಬತ್ತ್."

ಕೇಳಿದೆ. ಗಂಟೆಯೂ ಅನಿಸಿತು, ಮಡಕೆಯೂ ಅನಿಸಿತು. ಇನ್ನೊಮ್ಮೆ ಬಡಿಯಲು ಹೇಳಿದೆ; ಆಗಲೇ ಬಸ್ಸೊಂದು ಹಾದುಹೋಯಿತು. ಮೂರನೇ ಸಲ, ಮನೆಯಲ್ಲಿ ಬಂಗುಡೆ ಹಾಳಾಗುತ್ತದೆಂಬ ಅವಸರಕ್ಕೆ, "ಗಂಟೆಯೇ" ಅಂದುಬಿಟ್ಟೆ.

ಅವರು ನನ್ನ ಮುಖವನ್ನೇ ನೋಡಿದರು. ಕಲ್ಲನ್ನು ಬಾಗಿಲ ಬದಿಗೆ ಒರಗಿಸಿಟ್ಟು, ಕತ್ತಿಯನ್ನು ಹಾಗೇ ವಾಪಸು ಕೊಟ್ಟರು.

"ಗಂಟೆಯೇ ಆದ್ರೆ ಯಾರೂ ಇಷ್ಟೊತ್ತ್ ಯೋಚ್ನಿ ಮಾಡುದಿಲ್ಲ, ಅಕ್ಕಾ."

ಆ ಕಲ್ಲು ಎಷ್ಟೋ ವರ್ಷ ಅಲ್ಲೇ, ಬಾಗಿಲು ಗಾಳಿಗೆ ಬಡಿಯದಂತೆ ಒತ್ತಾಗಿ ಬಿದ್ದಿತ್ತು. ಹೋದಾಗಲೆಲ್ಲ, ಅವರು ಆಚೆ ತಿರುಗಿದ ಹೊತ್ತು ನೋಡಿ ಬೆರಳಿನಿಂದ ತಟ್ಟುತ್ತಿದ್ದೆ. ಅಂದು ನಾನು ಹೇಳಿದ್ದು ಸುಳ್ಳೋ ನಿಜವೋ ನನಗೇ ಗೊತ್ತಾಗಬೇಕಿತ್ತು. ಒಂದು ದಿನ ಗಂಟೆ ಕೇಳುತ್ತಿತ್ತು, ಇನ್ನೊಂದು ದಿನ ಮಡಕೆ.